ಎಣಿಸಿ ನೋಡಿದ ನರ್ಸ್: ಫ್ಲಾರೆನ್ಸ್ ನೈಟಿಂಗೇಲ್

ಆಸ್ಪತ್ರೆಯಲ್ಲಿ ನಿಮ್ಮವರ ಪಕ್ಕ ಕುಳಿತಾಗ ನೀವು ಗಮನಿಸಿರಬಹುದು: ರೋಗಿಯನ್ನು ಮುಟ್ಟುವ ಮುನ್ನ ನರ್ಸ್ ಕೈ ಶುಚಿ ಮಾಡಿಕೊಳ್ಳುತ್ತಾರೆ, ಮಲಗಿದವರ ಮಗ್ಗುಲು ಬದಲಿಸುತ್ತಾರೆ, ಜ್ವರ, ನಾಡಿ, ಮೂತ್ರದ ಪ್ರಮಾಣವನ್ನು ಚಾರ್ಟಿನಲ್ಲಿ ಬರೆಯುತ್ತಾರೆ. ಇವು ಬರೀ ರೂಢಿಯಲ್ಲ. ಯಾವ ಆರೈಕೆಯಿಂದ ರೋಗಿಗೆ ಒಳಿತಾಗುತ್ತದೆ ಎಂದು ಎಣಿಸಿ, ಹೋಲಿಸಿ ಕಂಡುಕೊಂಡ ತಿಳಿವಳಿಕೆ ಇವುಗಳ ಹಿಂದಿದೆ. ಈ ದಾರಿ ತೋರಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಮುಖ್ಯರು.

ಯುದ್ಧದ ಆಸ್ಪತ್ರೆ

ಅವರು 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ, ಶ್ರೀಮಂತ ಇಂಗ್ಲಿಷ್ ಕುಟುಂಬದಲ್ಲಿ ಹುಟ್ಟಿದರು. ಆಗ ನರ್ಸ್ ಕೆಲಸಕ್ಕೆ ಮರ್ಯಾದೆ ಇರಲಿಲ್ಲ. ಮನೆಯವರ ವಿರೋಧದ ನಡುವೆಯೂ ಜರ್ಮನಿಯಲ್ಲಿ ತರಬೇತಿ ಪಡೆದರು. ಕ್ರಿಮಿಯಾ ಯುದ್ಧದ ವೇಳೆ, 1854ರ ನವೆಂಬರಿನಲ್ಲಿ, 38 ನರ್ಸ್‌ಗಳೊಂದಿಗೆ ಟರ್ಕಿಯ ಸ್ಕುಟಾರಿ ಆಸ್ಪತ್ರೆ ತಲುಪಿದರು. ಅಲ್ಲಿ ಗಾಯಗಳಿಗಿಂತ ಕಾಲರಾ, ಆಮಶಂಕೆಯಂಥ ರೋಗಗಳಿಂದಲೇ ಹೆಚ್ಚು ಸೈನಿಕರು ಸಾಯುತ್ತಿದ್ದರು.

1855ರ ಮಾರ್ಚಿನಲ್ಲಿ ಸರ್ಕಾರ ಕಳಿಸಿದ ನೈರ್ಮಲ್ಯ ತಂಡವೊಂದು ಚರಂಡಿಗಳನ್ನು ಸರಿಪಡಿಸಿ, ಕೊಳೆ ತೆಗೆಸಿ, ಗಾಳಿ ಆಡುವಂತೆ ಮಾಡಿತು. ಫೆಬ್ರವರಿಯಲ್ಲಿ ಶೇ 42ರಷ್ಟಿದ್ದ ಸಾವಿನ ಪ್ರಮಾಣ ಜೂನ್ ಹೊತ್ತಿಗೆ ಶೇ 2ರ ಸುಮಾರಿಗೆ ಇಳಿಯಿತು.

ಅಂಕಿಗಳು ಬದಲಿಸಿದ ಅಭಿಪ್ರಾಯ

ಕಳಪೆ ಆಹಾರ, ಸಾಮಗ್ರಿಗಳ ಕೊರತೆ ಮತ್ತು ಬಳಲಿಕೆಯೇ ಸಾವಿಗೆ ಮುಖ್ಯ ಕಾರಣ ಎಂದು ಯುದ್ಧದ ವೇಳೆ ನೈಟಿಂಗೇಲ್ ನಂಬಿದ್ದರು. ಊರಿಗೆ ಮರಳಿ, ಅಂಕಿಅಂಶ ತಜ್ಞ ವಿಲಿಯಂ ಫಾರ್ ಜೊತೆ ಲೆಕ್ಕ ಹಾಕಿದಾಗ ಕೊಳಕು ಮತ್ತು ಇಕ್ಕಟ್ಟಿನ ಪಾತ್ರ ಎಷ್ಟು ದೊಡ್ಡದು ಎಂಬುದು ಕಂಡಿತು. ತಾವು ದುಡಿದ ಆಸ್ಪತ್ರೆಯ ಲೆಕ್ಕವೂ ಅದರಲ್ಲಿತ್ತು. ಆದರೂ ಅವರು ಅದನ್ನು ಮುಚ್ಚಿಡಲಿಲ್ಲ. ಮಂತ್ರಿಗಳಿಗೂ ಒಂದೇ ನೋಟಕ್ಕೆ ಅರ್ಥವಾಗಲಿ ಎಂದು ಬಣ್ಣದ ಚಿತ್ರಗಳಲ್ಲಿ ತೋರಿಸಿದರು. ಲಂಡನ್ನಿನ ಅಂಕಿಅಂಶ ಸಂಘದ ಮೊದಲ ಮಹಿಳಾ ಸದಸ್ಯೆಯಾದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ನರ್ಸಿಂಗ್ ಶಾಲೆ ಶುರುವಾಯಿತು.

ಕೆಟ್ಟ ಗಾಳಿಯೇ ರೋಗದ ಮೂಲ ಎಂಬ ಅವರ ನಂಬಿಕೆ ಮುಂದೆ ತಪ್ಪೆಂದು ತಿಳಿಯಿತು. ಆದರೆ ಶುಚಿತ್ವದಿಂದ ಸಾವು ಇಳಿಯುತ್ತದೆ ಎಂಬುದು ನಿಂತಿತು.

ಪುಣೆಯ ನಂಟು

ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದಾರೆ ಎಂದು 1863ರ ಆಯೋಗದ ವರದಿ ಹೇಳಿತು. ಆ ವರದಿಯ ಹಿಂದೆ ಅವರ ದುಡಿಮೆಯಿತ್ತು. ಅನಾರೋಗ್ಯದಿಂದ ಹೆಚ್ಚು ಕಾಲ ಕೋಣೆಯಲ್ಲೇ ಇದ್ದ ಅವರು ಭಾರತಕ್ಕೆ ಬರಲೇ ಇಲ್ಲ. ಆದರೆ ಪುಣೆ ಸಾರ್ವಜನಿಕ ಸಭೆಯೊಂದಿಗೆ ಪತ್ರ ವ್ಯವಹಾರ ನಡೆಸಿ, ಹಳ್ಳಿಗಳ ನೈರ್ಮಲ್ಯದ ಬಗ್ಗೆ ಒತ್ತಾಯಿಸಿದರು. ನೀವು ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದ ಭೋರ್ ಕಡೆಯವರಾದರೆ, ಈ ಕಥೆ ನಿಮ್ಮ ನೆರೆಯದ್ದೂ ಹೌದು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ನಿಮಗೆ ಇದರಿಂದೇನು?

ಹೊಸ ಪುರಾವೆ ಬಂದಾಗ ಆರೈಕೆಯೂ ಬದಲಾಗುತ್ತದೆ. ಹಾಸಿಗೆ ಹಿಡಿದವರ ಸೊಂಟ, ಹಿಮ್ಮಡಿ ಕೆಂಪಾದರೆ ಉಜ್ಜಿ ತಿಕ್ಕುವ ರೂಢಿ ಹಿಂದೆ ಇತ್ತು. ಅದರಿಂದ ಚರ್ಮಕ್ಕೆ ಹಾನಿಯಾಗಬಹುದೆಂದು ಈಗ ಬೇಡ ಎನ್ನುತ್ತಾರೆ. ಹಾಗಾಗಿ ನರ್ಸ್ ನಿಮ್ಮನ್ನು ತಡೆದರೆ ಬೇಸರ ಪಡಬೇಡಿ.

• ಅರ್ಥವಾಗದಿದ್ದರೆ ಕೇಳಿ: ಸಿಸ್ಟರ್, ಇದನ್ನು ಯಾಕೆ ಹೀಗೆ ಮಾಡುತ್ತೀರಿ? ಮನೆಯಲ್ಲಿ ನಾವೂ ಹೀಗೇ ಮಾಡಬೇಕೇ?
• ಡ್ರಿಪ್ ಹಾಕಿದ ಜಾಗ ನೋಯುತ್ತಿದ್ದರೆ, ಕೆಂಪಾದರೆ, ಊದಿದರೆ ತಕ್ಷಣ ಹೇಳಿ.
• ಮನೆಯಲ್ಲಿ ಜ್ವರ, ಕೊಟ್ಟ ಔಷಧಿ, ಕೊಟ್ಟ ಸಮಯ ಬರೆದಿಡಿ. ಮುಂದಿನ ಭೇಟಿಗೆ ಆ ಚೀಟಿ ತನ್ನಿ.

ನೀವು ಬರೆದ ಆ ನಾಲ್ಕು ಸಾಲು, ನೆನಪಿನಿಂದ ಹೇಳುವ ಮಾತಿಗಿಂತ ವೈದ್ಯರಿಗೂ ನರ್ಸ್‌ಗೂ ಹೆಚ್ಚು ನೆರವಾಗುತ್ತದೆ.