ಹೊಗೆಯನ್ನು ದುಡಿಸಿದ ಬ್ಯೂಕಿ

ಕಾರಿನ ಹಿಂದೆ ‘ಟರ್ಬೊ’ ಎಂದು ಬರೆದಿದ್ದರೆ ನಮ್ಮ ವಯಸ್ಸಿನವರಿಗೆ ಥಟ್ಟನೆ ನೆನಪಾಗುವುದು ವೇಗ. ಅದನ್ನು ಕಂಡುಹಿಡಿದ ಆಲ್ಫ್ರೆಡ್ ಬ್ಯೂಕಿಗೆ ಮಾತ್ರ ಚಿಂತೆ ಹತ್ತಿದ್ದು ಪೋಲಾಗುವ ಹೊಗೆಯದು.

ಬ್ಯೂಕಿ ಹುಟ್ಟಿದ್ದು 1879ರ ಜುಲೈ 11ರಂದು, ಸ್ವಿಟ್ಜರ್ಲೆಂಡಿನ ವಿಂಟರ್‌ಥುರ್‌ನಲ್ಲಿ. ನಮ್ಮ ಪೀಣ್ಯದ ಹಾಗೆ ಅದೂ ಯಂತ್ರಗಳ ಊರು. ತಂದೆ ಅಲ್ಲಿನ ಸುಲ್ಜರ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಮಗ ಜ್ಯೂರಿಕ್‌ನ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಓದಿ 1903ರಲ್ಲಿ ಹೊರಬಂದ. ಬೆಲ್ಜಿಯಂ, ಇಂಗ್ಲೆಂಡ್‌ಗಳಲ್ಲಿ ಕೆಲಸ ಮಾಡಿದ.

ಎಂಜಿನ್ನಿಗೆ ಹಾಕಿದ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬಿಸಿ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಆ ಹೊಗೆಯಿಂದಲೇ ಒಂದು ಟರ್ಬೈನ್ ತಿರುಗಿಸಿ, ಅದರಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿದರೆ ಹೇಗೆ? ಈ ಯೋಚನೆಗೆ 1905ರ ನವೆಂಬರ್ 16ರಂದು ಜರ್ಮನಿಯಲ್ಲಿ ಪೇಟೆಂಟ್ ದಾಖಲಾಯಿತು. ಆಗ ಅವರಿಗೆ 26 ವರ್ಷ.

ಮುಂದಿನ 20 ವರ್ಷವೇ ಈ ಕಥೆಯ ತಿರುಳು. 1909ರಲ್ಲಿ ಸುಲ್ಜರ್ ಸೇರಿದರು, 1911ರಲ್ಲಿ ಅಲ್ಲಿ ಪ್ರಯೋಗಕ್ಕೆ ಅನುಕೂಲವಾಯಿತು. 1915ರಲ್ಲಿ ಡೀಸೆಲ್ ಎಂಜಿನ್ನಿಗೆ ಜೋಡಿಸಿದ ಮಾದರಿ ಒತ್ತಡ ಹಿಡಿದು ನಿಲ್ಲಲಿಲ್ಲ. ಪೇಟೆಂಟ್ ಇದೆ, ಓಡುವ ಯಂತ್ರವಿಲ್ಲ! ಕ್ಯಾಂಪಸ್ ಸಂದರ್ಶನದಲ್ಲಿ ಎರಡು ಸಲ ಫೇಲಾದರೆ ಕುಗ್ಗಿಹೋಗುವ ನಮಗೆ ಆ ಹತ್ತು ವರ್ಷಗಳನ್ನು ಊಹಿಸುವುದೂ ಕಷ್ಟ. ಬ್ಯೂಕಿ ಬಿಡಲಿಲ್ಲ. ಸಿಲಿಂಡರ್‌ಗಳಿಂದ ಹೊಗೆ ಒಂದೇ ಸಮನೆ ಬರುವುದಿಲ್ಲ, ನಾಡಿಮಿಡಿತದಂತೆ ಬಡಿದು ಬಡಿದು ಬರುತ್ತದೆ. ಒಂದರ ಬಡಿತ ಇನ್ನೊಂದಕ್ಕೆ ಅಡ್ಡ ಬರದಂತೆ ಕೊಳವೆಗಳನ್ನು ಬೇರ್ಪಡಿಸಿ, ಆ ಬಡಿತವನ್ನೇ ಟರ್ಬೈನಿಗೆ ಕೊಟ್ಟರು. 1925ರಲ್ಲಿ ಶಕ್ತಿ ಸುಮಾರು ಶೇ 40ರಷ್ಟು ಏರಿತು. ಮರುವರ್ಷ ಜರ್ಮನಿಯ ‘ಪ್ರಾಯ್ಸೆನ್’, ‘ಹಾನ್ಸೆಸ್ಟಾಟ್ ಡಾನ್ಸಿಗ್’ ಹಡಗುಗಳಲ್ಲಿ 1,750 ಅಶ್ವಶಕ್ತಿಯ ಎಂಜಿನ್‌ಗಳು 2,500 ಕೊಟ್ಟವು.

ಈ ತತ್ವ ವಿಮಾನಕ್ಕೂ ಹತ್ತಿತು, ನಮ್ಮೂರಿಗೂ ಬಂತು. ವೈಟ್‌ಫೀಲ್ಡ್‌ಗೆ ಹೋಗುವ ದಾರಿಯಲ್ಲೇ ಇರುವ ಎಚ್‌ಎಎಲ್, ಯುದ್ಧದ ನಂತರ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ವಿಮಾನಗಳನ್ನು ತಂದು ಮತ್ತೆ ಹಾರಿಸಿತಲ್ಲ, ಅವುಗಳ ಎಂಜಿನ್‌ಗಳಿಗೂ ಟರ್ಬೊ ಇತ್ತು.

ಬ್ಯೂಕಿ 1959ರ ಅಕ್ಟೋಬರ್ 27ರಂದು ತೀರಿಕೊಂಡರು. ಟರ್ಬೊ ಇರುವ ಕಾರುಗಳು ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1962ರಲ್ಲಿ. ಅವರು ನೋಡಲಿಲ್ಲ.

ಹಡಗಿನ ಎಂಜಿನ್ ಗಂಟೆಗಟ್ಟಲೆ ಒಂದೇ ಹದದಲ್ಲಿ ಓಡುತ್ತದೆ. ಹೋಪ್ ಫಾರ್ಮ್ ಸಿಗ್ನಲ್ಲಿನ ಕಾರಿಗೆ ಆ ಭಾಗ್ಯವಿಲ್ಲ. ಹಾಗಾಗಿ ಕಾರಿನ ಟರ್ಬೊಗೆ ಹೋಗುವ ಹೊಗೆಯನ್ನು ಹದ ಮಾಡಲು ಒಂದು ಸಣ್ಣ ಮುಚ್ಚಳ ಅಥವಾ ತಿರುಗುವ ರೆಕ್ಕೆಗಳಿರುತ್ತವೆ. ಅದನ್ನು ಆಡಿಸುವುದು ಹೊರಗಿನ ಒಂದು ಕಡ್ಡಿ ಮತ್ತು ಲಿವರ್. ಜಾಮ್‌ನಲ್ಲಿ ತೆವಳುವ ಡೀಸೆಲ್ ಗಾಡಿಗಳಲ್ಲಿ ಕಡ್ಡಿ ಪೂರ್ತಿ ಆಡುವುದೇ ಅಪರೂಪ. ಕೀಲಿಗೆ ಧೂಳು, ತುಕ್ಕು ಹಿಡಿದು ಬಿಗಿಯಾದರೆ ಫ್ಲೈಓವರ್ ಏರುವಾಗ ಗಾಡಿ ಎಳೆಯುವುದಿಲ್ಲ, ಇಲ್ಲವೇ ಒತ್ತಡ ಮಿತಿಮೀರಿ ಕಂಪ್ಯೂಟರೇ ಶಕ್ತಿ ಇಳಿಸಿಬಿಡುತ್ತದೆ.

ಇದಕ್ಕೆ ಮನೆಯಲ್ಲೇ ಆರೈಕೆ ಮಾಡಬಹುದು. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಪೂರ್ತಿ ತಣ್ಣಗಿರುವಾಗ ಕೀಲನ್ನು ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಎರಡು ಹನಿ ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಕಡ್ಡಿಯನ್ನು ಮೆಲ್ಲಗೆ ಆಡಿಸಬೇಕು. ಮೋಟಾರಿನಿಂದ ಆಡುವ ಬಗೆಯಾದರೆ ಕೈಯಿಂದ ಎಳೆಯಲೇಬಾರದು. ಉಳಿದ ಎಣ್ಣೆ ಒರೆಸಿ, ಹೆಚ್ಚು ಬಿಸಿ ತಡೆಯುವ ಗ್ರಾಫೈಟ್ ಲೇಪ ಹಚ್ಚಬೇಕು. ಮಾಮೂಲಿ ಗ್ರೀಸ್ ಅಲ್ಲಿ ಸುಟ್ಟು ಇದ್ದಿಲಾಗುತ್ತದೆ. ಕಡ್ಡಿಯ ಮೇಲಿನ ನಟ್ ತಿರುಗಿಸಿದರೆ ಒತ್ತಡದ ಲೆಕ್ಕವೇ ತಪ್ಪುತ್ತದೆ. ಇಷ್ಟಾದರೂ ಕಡ್ಡಿ ಬಿಗಿಯಾಗಿಯೇ ಇದ್ದರೆ ಮಸಿ ಕಟ್ಟಿರುವುದು ಒಳಗೆ, ಅದು ಗ್ಯಾರೇಜಿನ ಕೆಲಸ.