ಅಂಕಿಯನ್ನು ಅಳೆದು ನೋಡಿದ ಸೈಕಲ್ ಅಂಗಡಿಯವನು

ಎಂಜಿನಿಯರಿಂಗ್ ಓದುವಾಗ ನಾವು ಡೇಟಾ ಹ್ಯಾಂಡ್‌ಬುಕ್ ತೆಗೆದು, ಅಂಕಿ ಹುಡುಕಿ, ಸೂತ್ರಕ್ಕೆ ಹಾಕ್ತಿದ್ವಿ. ಆ ಅಂಕಿ ಎಲ್ಲಿಂದ ಬಂತು ಅಂತ ನಾನಂತೂ ಒಂದು ದಿನವೂ ಕೇಳಲಿಲ್ಲ. ವಿಲ್ಬರ್ ರೈಟ್ ಕೇಳಿದ್ದ.

1867ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಹುಟ್ಟಿದ ವಿಲ್ಬರ್ ಕಾಲೇಜು ಮೆಟ್ಟಿಲು ಹತ್ತಲಿಲ್ಲ. ಹರೆಯದಲ್ಲಿ ಹಾಕಿ ಆಡುವಾಗ ಮುಖಕ್ಕೆ ಪೆಟ್ಟು ಬಿದ್ದು ಮನೆ ಹಿಡಿದ. ಕ್ಷಯದಿಂದ ನರಳುತ್ತಿದ್ದ ತಾಯಿಯ ಆರೈಕೆ ಮಾಡುತ್ತ ಮನೆಯಲ್ಲಿದ್ದ ಪುಸ್ತಕ ಓದಿದ. ಆಮೇಲೆ ತಮ್ಮ ಆರ್ವಿಲ್ ಜತೆ ಡೇಟನ್‌ನಲ್ಲಿ ಸೈಕಲ್ ಅಂಗಡಿ ಇಟ್ಟ. 1899ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಗೆ ಪತ್ರ ಬರೆದು, ಹಾರಾಟದ ಬಗ್ಗೆ ಇದ್ದ ಲೇಖನಗಳನ್ನು ತರಿಸಿಕೊಂಡ.

1901ರ ಗ್ಲೈಡರಿನ ರೆಕ್ಕೆಯ ಲೆಕ್ಕವನ್ನು ಅಣ್ಣತಮ್ಮಂದಿರು ಜರ್ಮನಿಯ ಒಟ್ಟೋ ಲಿಲಿಯೆಂಥಾಲ್‌ನ ಕೋಷ್ಟಕ ನೋಡಿಯೇ ಮಾಡಿದ್ದರು. ಆದರೆ ಮೇಲೆತ್ತುವ ಬಲ ನಿರೀಕ್ಷೆಯ ಮೂರನೇ ಒಂದು ಭಾಗದಷ್ಟೇ ಬಂತು. ಅನುಮಾನ ಸಹಜವಾಗಿ ಕೋಷ್ಟಕದ ಮೇಲೆ ಹೋಯಿತು.

ಬೈದು ಸುಮ್ಮನಾಗಲಿಲ್ಲ ಅನ್ನೋದೇ ಮುಖ್ಯ. ಆರಡಿ ಉದ್ದದ ಮರದ ಪೆಟ್ಟಿಗೆ ಮಾಡಿ, ತುದಿಗೆ ಫ್ಯಾನ್ ಕೂರಿಸಿದರು. ಹ್ಯಾಕ್ಸಾ ಬ್ಲೇಡು, ಸೈಕಲ್ ಕಡ್ಡಿಗಳಿಂದ ತಕ್ಕಡಿ ಕಟ್ಟಿದರು. ಸುಮಾರು 200 ಪುಟ್ಟ ರೆಕ್ಕೆಗಳನ್ನು ಗಾಳಿಗೆ ಒಡ್ಡಿದರು. ಲಿಲಿಯೆಂಥಾಲ್ ಅಳೆದದ್ದು ಅವನ ರೆಕ್ಕೆಯ ಮಟ್ಟಿಗೆ ಬಹುತೇಕ ಸರಿಯಾಗಿತ್ತು! ದೊಡ್ಡ ತಪ್ಪಿದ್ದದ್ದು ನೂರು ವರ್ಷಕ್ಕೂ ಹಿಂದಿನಿಂದ ಎಲ್ಲರೂ ಕಣ್ಣುಮುಚ್ಚಿ ಬಳಸುತ್ತಿದ್ದ ಗಾಳಿಯೊತ್ತಡದ ಗುಣಾಂಕದಲ್ಲಿ. 0.005 ಅಂತಿದ್ದದ್ದು 0.0033ರ ಆಸುಪಾಸಿರಬೇಕಿತ್ತು. ರೆಕ್ಕೆಯ ಬಾಗು ಕಡಿಮೆ ಇರಬೇಕು, ರೆಕ್ಕೆ ಉದ್ದವಾಗಿ ಕಿರಿದಾಗಿರಬೇಕು ಅನ್ನುವುದೂ ಆ ಪೆಟ್ಟಿಗೆಯಲ್ಲೇ ತಿಳಿಯಿತು. 1902ರ ಗ್ಲೈಡರ್ ಲೆಕ್ಕದಂತೆ ಹಾರಿತು.

1903ರ ಡಿಸೆಂಬರ್ 8ರಂದು, ಯುದ್ಧ ಇಲಾಖೆಯ 50,000 ಡಾಲರ್ ಪಡೆದಿದ್ದ ವಿಜ್ಞಾನಿ ಲ್ಯಾಂಗ್ಲಿಯ ವಿಮಾನ ಪೊಟೊಮ್ಯಾಕ್ ನದಿಗೆ ಬಿತ್ತು. ಒಂಬತ್ತು ದಿನಗಳ ನಂತರ ವಿಲ್ಬರ್ 59 ಸೆಕೆಂಡು, 852 ಅಡಿ ಹಾರಿದ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರ್ತಿತ್ತು. ಬೇರೆಯವರು ಹಂಚಿಕೊಂಡ ತಿಳಿವಳಿಕೆಯಿಂದ ಶುರು ಮಾಡಿದವನು 1906ರಲ್ಲಿ ಪೇಟೆಂಟ್ ಸಿಕ್ಕ ಮೇಲೆ ಉಳಿದ ವಿಮಾನ ತಯಾರಕರ ವಿರುದ್ಧ ಕೋರ್ಟು ಹತ್ತಿದ. ಕೊನೆಯ ವರ್ಷಗಳು ಅದರಲ್ಲೇ ಸವೆದವು. 1912ರಲ್ಲಿ ಟೈಫಾಯ್ಡ್‌ನಿಂದ ಸತ್ತಾಗ ಅವನಿಗೆ 45.

ಸರ್ಕಾರದ ಅಂಕಿಅಂಶ ನಂಬಲ್ಲ ಅಂತ ನಾವು ಸುಲಭವಾಗಿ ಹೇಳ್ತೀವಿ. ನಂಬದಿದ್ದರಷ್ಟೇ ಸಾಲದು, ಅಳೀಬೇಕು. ಅಳೆದಾಗ ನಾವು ಅನುಮಾನಿಸಿದವನೇ ಸರಿ ಅಂತ ಗೊತ್ತಾದರೆ ಒಪ್ಪಿಕೊಳ್ಳಲೂ ಬೇಕು. ಪೆಟ್ಟಿಗೆ ಕಟ್ಟಿದ ವಿಲ್ಬರ್‌ನಿಂದ ನಾನು ಕಲಿತದ್ದು ಇದು. ಕೋರ್ಟು ಹತ್ತಿದ ವಿಲ್ಬರ್‌ನನ್ನೂ ಮರೆತಿಲ್ಲ.