ಬಾಲಕರ ಬಂಧು ಸಂತ ಜಾನ್ ಬೋಸ್ಕೋ

ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದಾಗ ಅದರ ಗೋಡೆ ಗೋಪುರಗಳನ್ನು ಕಟ್ಟಿದ ಹಿರಿಯರನ್ನು ಕೃತಜ್ಞತೆಯಿಂದ ನೆನೆಯುವುದು ವಾಡಿಕೆ. ಅದರೊಡನೆ ದೇವಾಲಯದ ನೆರಳಿನಲ್ಲಿ ಬೆಳೆದ ಶಾಲೆಗಳನ್ನೂ ನೆನೆಯುವುದು ಉಚಿತವೆಂದು ನಮಗೆ ತೋರಿತು. ಚರ್ಚು ಇದ್ದೆಡೆ ಶಾಲೆಯೂ ಇರುವುದು ನಮ್ಮ ನಾಡಿನಲ್ಲಿ ಎಷ್ಟು ಸಹಜವಾಗಿ ಹೋಗಿದೆಯೆಂದರೆ, ಬಾಲಕರನ್ನು ಹೆದರಿಸಿ ತಿದ್ದಬೇಕೋ, ಪ್ರೀತಿಸಿ ತಿದ್ದಬೇಕೋ ಎಂಬ ಮೂಲ ಪ್ರಶ್ನೆಯನ್ನೇ ನಾವು ಮರೆತಂತಿದೆ. ಆ ಪ್ರಶ್ನೆಗೆ ತಮ್ಮ ಇಡೀ ಬಾಳನ್ನೇ ಉತ್ತರವಾಗಿ ಕೊಟ್ಟ ಮಹನೀಯರೆಂದರೆ ಸಂತ ಜಾನ್ ಬೋಸ್ಕೋ. ಡಾನ್ ಬೋಸ್ಕೋ ಎಂಬ ಹೆಸರನ್ನು ಶಾಲೆಗಳ ಫಲಕಗಳ ಮೇಲೆ ನಮ್ಮಲ್ಲಿ ಅನೇಕರು ಕಂಡಿದ್ದಾರೆ. ಡಾನ್ ಎಂಬುದು ಇಟಲಿಯಲ್ಲಿ ಗುರುಗಳಿಗೆ ಸಲ್ಲುವ ಗೌರವದ ಪದ. ಫಲಕದ ಹಿಂದಿರುವ ಆ ಗುರುಗಳ ಜೀವನವನ್ನು ಸಂಗ್ರಹವಾಗಿ ಇಲ್ಲಿ ನಿರೂಪಿಸುತ್ತಿದ್ದೇವೆ.

ಬಡತನದ ಬಾಲ್ಯ

ಜಾನ್ ಬೋಸ್ಕೋ 1815ರ ಆಗಸ್ಟ್ 16ರಂದು ಉತ್ತರ ಇಟಲಿಯ ಪೀಡ್ಮಾಂಟ್ ಪ್ರಾಂತ್ಯದಲ್ಲಿ, ಬೆಕ್ಕಿ ಎಂಬ ಪುಟ್ಟ ಹಳ್ಳಿಯಲ್ಲಿ ಜನಿಸಿದರು. ತಂದೆ ಫ್ರಾನ್ಸಿಸ್ ಬಡ ಬೇಸಾಯಗಾರ. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ, 1817ರ ಮೇ ತಿಂಗಳಲ್ಲಿ, ಆತ ತೀರಿಕೊಂಡನು. ಅದೇ ವರ್ಷ ಬರ ಬಂದು ಊರೂರೇ ಹಸಿವಿನಿಂದ ನರಳಿತು. ಓದುಬರಹ ತಿಳಿಯದ ತಾಯಿ ಮಾರ್ಗರೀತಾ ವೃದ್ಧೆಯಾದ ಅತ್ತೆಯನ್ನು, ಮಲಮಗ ಅಂತೋಣಿಯನ್ನು, ತನ್ನ ಮಕ್ಕಳಾದ ಜೋಸೆಫ್ ಮತ್ತು ಜಾನರನ್ನು ಹೊಲದ ದುಡಿಮೆಯಿಂದಲೇ ಸಾಕಿದಳು. ಮಕ್ಕಳಿಗೆ ಜಪಗಳನ್ನೂ ಜ್ಞಾನೋಪದೇಶವನ್ನೂ ಕಲಿಸಿದವಳು ಅವಳೇ.

ಬಾಲಕ ಜಾನನಿಗೆ ಸುಮಾರು ಒಂಬತ್ತು ವರ್ಷವಾಗಿದ್ದಾಗ ಒಂದು ಕನಸು ಬಿತ್ತು. ಮನೆಯ ಬಳಿಯ ಬಯಲಿನಲ್ಲಿ ಅನೇಕ ಹುಡುಗರು ಆಡುತ್ತಿದ್ದರು. ಕೆಲವರು ಕೆಟ್ಟ ಮಾತುಗಳನ್ನಾಡುತ್ತಿದ್ದರು. ಜಾನ್ ಮುಷ್ಟಿ ಬಿಗಿದು ಅವರ ಮೇಲೆ ನುಗ್ಗಿದನು. ಆಗ ತೇಜಸ್ವಿಯಾದ ಪುರುಷನೊಬ್ಬನು ಅವನನ್ನು ತಡೆದು, ಹೊಡೆತದಿಂದಲ್ಲದೆ ಸೌಮ್ಯತೆಯಿಂದಲೂ ಪ್ರೀತಿಯಿಂದಲೂ ಅವರನ್ನು ಗೆಲ್ಲುವಂತೆ ಆಜ್ಞಾಪಿಸಿದನು. ಒಬ್ಬ ಮಹಾಮಾತೆಯು ಕಾಡುಮೃಗಗಳು ಕುರಿಮರಿಗಳಾಗಿ ಮಾರ್ಪಡುವುದನ್ನು ತೋರಿಸಿದಳು. ಆ ಕನಸಿನ ಅರ್ಥ ಅಂದು ಅವನಿಗೆ ತಿಳಿಯಲಿಲ್ಲ. ಆದರೂ ಜಾತ್ರೆಗಳಲ್ಲಿ ದೊಂಬರಾಟವನ್ನು ನೋಡಿ ಕಲಿತು, ಹಗ್ಗದ ಮೇಲೆ ನಡೆದು ತೋರಿಸಿ, ನೆರೆದವರಿಂದ ಜಪಸರ ಹೇಳಿಸಿ, ಚರ್ಚಿನಲ್ಲಿ ಕೇಳಿದ ಪ್ರಸಂಗವನ್ನು ಮತ್ತೆ ಹೇಳುವುದನ್ನು ಅವನು ಆರಂಭಿಸಿದನು.

ಮಲ ಅಣ್ಣ ಅಂತೋಣಿಗೆ ತಮ್ಮನ ಓದು ಹಿಡಿಸಲಿಲ್ಲ. ಹೊಲ ಉಳುವವನಿಗೆ ಪುಸ್ತಕವೇಕೆಂಬುದು ಅವನ ವಾದ. ಮನೆಯಲ್ಲಿ ಜಗಳ ಬೆಳೆದಾಗ ತಾಯಿಯು ಕಣ್ಣೀರಿಟ್ಟು, 1828ರ ಚಳಿಗಾಲದಲ್ಲಿ ಹನ್ನೆರಡು ವರ್ಷದ ಜಾನನನ್ನು ಬೇರೊಬ್ಬರ ಹೊಲದ ಆಳಾಗಿ ಕಳುಹಿಸಬೇಕಾಯಿತು. ಅಲ್ಲಿ ಅವನು ಸುಮಾರು ಎರಡು ವರ್ಷ ದುಡಿದನು. 1831ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಕಿಯೇರಿ ಪಟ್ಟಣದ ಶಾಲೆಗೆ ಸೇರಿದಾಗ ಅವನ ಸಹಪಾಠಿಗಳು ಅವನಿಗಿಂತ ಬಹಳ ಚಿಕ್ಕವರು. ಊಟ ವಸತಿಗಾಗಿ ಅವನು ಬಟ್ಟೆ ಹೊಲಿದನು, ಕಾಫಿ ಅಂಗಡಿಯಲ್ಲಿ ದುಡಿದನು, ಸಹಪಾಠಿಗಳಿಗೆ ಪಾಠ ಹೇಳಿದನು. ಗೆಳೆಯರನ್ನು ಕೂಡಿಸಿ ಸಂತೋಷ ಸಂಘವೊಂದನ್ನು ಕಟ್ಟಿದನು. ಕ್ರೈಸ್ತನಿಗೆ ತಕ್ಕಂತೆ ನಡೆಯುವುದು, ಕರ್ತವ್ಯವನ್ನು ನೆರವೇರಿಸುವುದು, ಸದಾ ಉಲ್ಲಾಸದಿಂದಿರುವುದು, ಇಷ್ಟೇ ಅದರ ನಿಯಮಗಳು.

ಆ ದಿನಗಳ ಇನ್ನೊಂದು ಸಂಗತಿ ಗಮನಾರ್ಹ. ಊರಿನ ಗುರುಗಳು ದಾರಿಯಲ್ಲಿ ಎದುರಾದಾಗ ಜಾನ್ ನಮಸ್ಕರಿಸುತ್ತಿದ್ದನು. ಅವರು ಗಂಭೀರವಾಗಿ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ತಾನು ಗುರುವಾದರೆ ಮಕ್ಕಳ ಬಳಿಗೆ ತಾನೇ ಹೋಗಿ ಮಾತನಾಡಿಸುವೆನೆಂದು ಅವನು ಅಂದೇ ನಿಶ್ಚಯಿಸಿದನು. ಗುರುಗಳಾದ ನಾವೆಲ್ಲರೂ ಈ ಸಂಗತಿಯನ್ನು ಆಗಾಗ ನೆನೆಯುವುದು ಒಳ್ಳೆಯದು.

ಬೀದಿಯ ಮಕ್ಕಳ ಗುರು

ಕಿಯೇರಿಯ ಗುರುಮಠದಲ್ಲಿ ಆರು ವರ್ಷ ವ್ಯಾಸಂಗ ಮಾಡಿ 1841ರ ಜೂನ್ 5ರಂದು ಜಾನ್ ಬೋಸ್ಕೋ ಟ್ಯೂರಿನ್ ನಗರದಲ್ಲಿ ಗುರುದೀಕ್ಷೆ ಪಡೆದರು. ಕಾರ್ಖಾನೆಗಳೂ ಕಟ್ಟಡಗಳೂ ಏಳುತ್ತಿದ್ದ ಆ ನಗರಕ್ಕೆ ಹಳ್ಳಿಗಳಿಂದ ಸಾವಿರಾರು ಹುಡುಗರು ಕೂಲಿ ಅರಸಿ ಬರುತ್ತಿದ್ದರು. ತಮ್ಮ ಮಾರ್ಗದರ್ಶಕರಾದ ಗುರು ಜೋಸೆಫ್ ಕಫಾಸೋ ಅವರೊಡನೆ ಸೆರೆಮನೆಗಳನ್ನು ಸಂದರ್ಶಿಸಿದಾಗ, ಹನ್ನೆರಡರಿಂದ ಹದಿನೆಂಟು ವರ್ಷದ ಗಟ್ಟಿಮುಟ್ಟಾದ ಬಾಲಕರು ಅಲ್ಲಿ ಕೊಳೆಯುತ್ತಿರುವುದನ್ನು ಅವರು ಕಂಡರು. ಬಿಡುಗಡೆಯಾದವರು ಕೆಲವೇ ದಿನಗಳಲ್ಲಿ ಮತ್ತೆ ಅಲ್ಲಿಗೇ ಮರಳುತ್ತಿದ್ದರು. ಹೊರಗೆ ಅವರನ್ನು ಕೈಹಿಡಿಯಲು ಒಬ್ಬ ಮಿತ್ರನಿದ್ದಿದ್ದರೆ ಅವರು ಹೀಗಾಗುತ್ತಿರಲಿಲ್ಲವೆಂಬ ಯೋಚನೆ ಡಾನ್ ಬೋಸ್ಕೋ ಅವರನ್ನು ಕಾಡತೊಡಗಿತು.

1841ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ಸಂತ ಫ್ರಾನ್ಸಿಸ್ ಅಸ್ಸೀಸಿಯವರ ದೇವಾಲಯದಲ್ಲಿ ಡಾನ್ ಬೋಸ್ಕೋ ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ, ಬಾರ್ತೊಲೊಮೆಯೊ ಗರೆಲ್ಲಿ ಎಂಬ ಅನಾಥ ಗಾರೆಕೆಲಸದ ಹುಡುಗ ಒಳಗೆ ಇಣುಕಿದನು. ಪೂಜೆಗೆ ನೆರವಾಗಲು ಬಾರದೆಂದು ತಿಳಿದ ದೇವಾಲಯದ ಸೇವಕನು ಅವನನ್ನು ಹೊಡೆದು ಅಟ್ಟಿದನು. ಡಾನ್ ಬೋಸ್ಕೋ ಅವನು ತಮ್ಮ ಮಿತ್ರನೆಂದು ಹೇಳಿ ಕೂಡಲೇ ಹಿಂದಕ್ಕೆ ಕರೆಸಿದರು. ತಂದೆ ಇಲ್ಲ, ತಾಯಿ ಇಲ್ಲ, ಓದು ಬಾರದು, ಹಾಡು ಬಾರದು. ಸಿಳ್ಳೆ ಹಾಕಲು ಬರುತ್ತದೆಯೇ ಎಂದು ಗುರುಗಳು ಕೇಳಿದಾಗ ಹುಡುಗನ ಮುಖದಲ್ಲಿ ನಗು ಮೂಡಿತು. ಪೂಜೆಯ ನಂತರ ಇಬ್ಬರೂ ನಮೋ ಮರಿಯಾ ಜಪವನ್ನು ಹೇಳಿ ಮೊದಲ ಪಾಠವನ್ನು ಆರಂಭಿಸಿದರು. ಮುಂದಿನ ದಿನಗಳಲ್ಲಿ ಅವನು ತನ್ನ ಗೆಳೆಯರನ್ನೂ ಕರೆತಂದನು.

ಹೀಗೆ ಹುಟ್ಟಿದ್ದು ಒರೆಟರಿ ಎಂಬ ಸಂಸ್ಥೆ. ಭಾನುವಾರಗಳಂದು ಪೂಜೆ, ಪಾಪನಿವೇದನೆ, ಜ್ಞಾನೋಪದೇಶ, ಅನಂತರ ಮನದಣಿಯೆ ಆಟ, ಇದೇ ಅದರ ಕಾರ್ಯಕ್ರಮ. ಹುಡುಗರು ನೂರಾರು ಸಂಖ್ಯೆಯಲ್ಲಿ ಬೆಳೆದಂತೆ ಗದ್ದಲವೂ ಬೆಳೆಯಿತು. ನೆರೆಹೊರೆಯವರು ದೂರಿದರು, ನಗರಾಧಿಕಾರಿಗಳು ಇದು ರಾಜಕೀಯ ಕೂಟವಿರಬಹುದೆಂದು ಶಂಕಿಸಿದರು. ಕೆಲವು ಗುರುಗಳು ಅವರಿಗೆ ಬುದ್ಧಿಭ್ರಮಣೆಯಾಗಿದೆಯೆಂದು ತಿಳಿದು ಆಸ್ಪತ್ರೆಗೆ ಸೇರಿಸಲು ಗಾಡಿಯನ್ನೇ ತಂದರು. ಡಾನ್ ಬೋಸ್ಕೋ ಹಿರಿಯರಿಗೆ ಗೌರವ ತೋರಿಸುವವರಂತೆ ಅವರನ್ನು ಮೊದಲು ಹತ್ತಿಸಿ, ಬಾಗಿಲು ಹಾಕಿ ಗಾಡಿಯನ್ನು ಆಸ್ಪತ್ರೆಗೆ ಹೊಡೆಯುವಂತೆ ಹೇಳಿದರಂತೆ! ಸ್ಥಳದಿಂದ ಸ್ಥಳಕ್ಕೆ ಅಲೆದು ಕೊನೆಗೆ 1846ರ ಏಪ್ರಿಲ್ 12, ಪುನರುತ್ಥಾನದ ಭಾನುವಾರದಂದು, ವಾಲ್ದೊಕ್ಕೊ ಎಂಬಲ್ಲಿ ಪಿನಾರ್ದಿ ಎಂಬವರ ಒಂದು ತಗ್ಗು ಕೊಟ್ಟಿಗೆ ಅವರಿಗೆ ದೊರೆಯಿತು.

ಅದೇ ಜುಲೈನಲ್ಲಿ ಅತಿಶ್ರಮದಿಂದ ಅವರು ಮರಣಾವಸ್ಥೆ ಮುಟ್ಟಿದರು. ಗಾರೆಕೆಲಸದ ಹುಡುಗರು ಹಗಲಿಡೀ ದುಡಿದು, ಉಪವಾಸವಿದ್ದು, ಸರದಿಯಂತೆ ಸಾಂತ್ವನ ಮಾತೆಯ ದೇವಾಲಯದಲ್ಲಿ ಪ್ರಾರ್ಥಿಸಿದರು. ಗುಣಮುಖರಾಗಿ ಹಿಂದಿರುಗಿದ ಗುರುಗಳು ಇನ್ನು ಮುಂದೆ ತಮ್ಮ ಜೀವ ಆ ಮಕ್ಕಳದ್ದೇ ಎಂದು ಸಾರಿದರು. ನವೆಂಬರ್ 3ರಂದು ತಾಯಿ ಮಾರ್ಗರೀತಾ ತನ್ನ ಹಳ್ಳಿಯ ಮನೆಯನ್ನು ತೊರೆದು ಮಗನೊಡನೆ ವಾಲ್ದೊಕ್ಕೊಗೆ ಬಂದಳು. 1856ರಲ್ಲಿ ಕಣ್ಮುಚ್ಚುವವರೆಗೆ ಹತ್ತು ವರ್ಷ ಆ ಅನಾಥರ ತಾಯಿಯಾಗಿ ಅಡಿಗೆ ಮಾಡಿದಳು, ಹರಿದ ಬಟ್ಟೆ ಹೊಲಿದಳು. 2006ರಲ್ಲಿ ಧರ್ಮಸಭೆ ಆಕೆಯನ್ನು ಪೂಜ್ಯಳೆಂದು ಘೋಷಿಸಿತು.

ಶಾಲೆಯ ಉದಯ

ಡಾನ್ ಬೋಸ್ಕೋ ದುಡಿಯುವ ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿದರು. ತಾವೇ ಪಠ್ಯಪುಸ್ತಕಗಳನ್ನು ಬರೆದರು. ರಾಜ್ಯದಲ್ಲಿ ಹೊಸ ದಶಮಾಂಶ ಅಳತೆ ಜಾರಿಗೆ ಬರುವಾಗ ಸಾಮಾನ್ಯರಿಗೆ ಅದನ್ನು ತಿಳಿಸಲು ಒಂದು ಕಿರುಪುಸ್ತಕವನ್ನೂ ರಚಿಸಿದರು. ಕೆಲಸ ಕಲಿಯುವ ಹುಡುಗರ ಪರವಾಗಿ 1851-52ರ ಸುಮಾರಿಗೆ ಯಜಮಾನರೊಡನೆ ಲಿಖಿತ ಕರಾರು ಮಾಡಿಸಿದರು. ಹುಡುಗನನ್ನು ಹೊಡೆಯಬಾರದು, ಮಾತಿನಿಂದಲೇ ತಿದ್ದಬೇಕು, ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು ಎಂದು ಅವುಗಳಲ್ಲಿ ಬರೆಸಿದರು. 1853ರಿಂದ ಚಮ್ಮಾರಿಕೆ, ಹೊಲಿಗೆ, ಪುಸ್ತಕ ಕಟ್ಟುವಿಕೆ, ಬಡಗಿ ಕೆಲಸ, ಮುದ್ರಣ ಮೊದಲಾದ ಕಾರ್ಯಾಗಾರಗಳು ಒಂದೊಂದಾಗಿ ತಮ್ಮಲ್ಲಿಯೇ ಆರಂಭವಾದವು.

ಪ್ರೌಢಶಾಲೆಗೆ ಹೋಗುವ ಹುಡುಗರು ಮೊದಲು ನಗರದ ಬೊನ್ಸಾನಿನೊ, ಪಿಕ್ಕೊ ಎಂಬ ಉಪಾಧ್ಯಾಯರ ಮನೆಗಳಿಗೆ ನಡೆದು ಹೋಗುತ್ತಿದ್ದರು. 1855ರಲ್ಲಿ ಒರೆಟರಿಯಲ್ಲೇ ಮೊದಲ ತರಗತಿ ತೆರೆಯಿತು. ಅದರ ಉಪಾಧ್ಯಾಯ, ಅಲ್ಲಿಯೇ ಬೆಳೆದ ಹದಿನೇಳು ವರ್ಷದ ಫ್ರಾಂಚೆಸಿಯಾ. ನಾಲ್ಕೇ ವರ್ಷಗಳಲ್ಲಿ ಐದು ತರಗತಿಗಳೂ ಪೂರ್ಣಗೊಂಡವು. ಅರ್ಹತಾಪತ್ರವಿಲ್ಲದವರು ಪಾಠ ಹೇಳುವರೆಂದು ಸರ್ಕಾರಿ ಅಧಿಕಾರಿಗಳು ಆಕ್ಷೇಪಿಸಿದಾಗ ಡಾನ್ ಬೋಸ್ಕೋ ವಾದಕ್ಕೆ ನಿಲ್ಲದೆ, ತಮ್ಮ ತರುಣರನ್ನು ವಿಶ್ವವಿದ್ಯಾಲಯದ ಪರೀಕ್ಷೆಗಳಿಗೆ ಕಳುಹಿಸಿ ತೇರ್ಗಡೆ ಮಾಡಿಸಿದರು.

ಆ ಶಾಲೆಯ ದಿನಚರಿ ಪೂಜೆಯಿಂದ ಆರಂಭವಾಗಿ, ಮಲಗುವ ಮುನ್ನ ಗುರುಗಳು ಆಡುವ ಎರಡು ಮೂರು ನಿಮಿಷಗಳ ಶುಭರಾತ್ರಿಯ ಮಾತಿನಿಂದ ಮುಗಿಯುತ್ತಿತ್ತು. ನಡುವೆ ಪಾಠವಿತ್ತು, ವಾದ್ಯವೃಂದವಿತ್ತು, ನಾಟಕವಿತ್ತು. ಶರತ್ಕಾಲದ ರಜೆಯಲ್ಲಿ ತುತ್ತೂರಿ ಊದುತ್ತಾ ಹಳ್ಳಿಹಳ್ಳಿಗೆ ಕಾಲ್ನಡಿಗೆಯ ಪ್ರವಾಸವಿತ್ತು. ಆಟದ ಅಂಗಳದಲ್ಲಿ ಡಾನ್ ಬೋಸ್ಕೋ ನಿಲುವಂಗಿಯನ್ನು ಎತ್ತಿ ಹಿಡಿದು ಹುಡುಗರೊಡನೆ ಓಡುತ್ತಿದ್ದರು. ಓಟದ ನಡುವೆ ಒಬ್ಬೊಬ್ಬನ ಕಿವಿಯಲ್ಲಿ ಅವನಿಗೆ ಬೇಕಾದ ಒಂದು ಹಿತವಚನ ಹೇಳುತ್ತಿದ್ದರು.

1854ರ ಬೇಸಿಗೆಯಲ್ಲಿ ಟ್ಯೂರಿನ್ನಿಗೆ ಕಾಲರಾ ಬಡಿದಾಗ ಈ ಶಿಕ್ಷಣದ ಪರೀಕ್ಷೆಯಾಯಿತು. ಬಂಧುಗಳೇ ರೋಗಿಗಳನ್ನು ತೊರೆದು ಓಡುತ್ತಿದ್ದ ಕಾಲದಲ್ಲಿ ನಲವತ್ತನಾಲ್ಕು ಬಾಲಕರು ಸ್ವಇಚ್ಛೆಯಿಂದ ಶುಶ್ರೂಷೆಗೆ ಮುಂದಾದರು. ರೋಗಿಗಳಿಗೆ ಹೊದಿಸಲು ಬಟ್ಟೆ ಸಾಲದಾದಾಗ ತಾಯಿ ಮಾರ್ಗರೀತಾ ಪೀಠದ ವಸ್ತ್ರವನ್ನೂ ಕೊಟ್ಟಳು. ಆ ಬಾಲಕರಲ್ಲಿ ಒಬ್ಬನಿಗೂ ರೋಗ ತಗಲಲಿಲ್ಲ.

ಅದೇ ಅಕ್ಟೋಬರಿನಲ್ಲಿ ಶಾಲೆಗೆ ಸೇರಿದ ದೊಮಿನಿಕ್ ಸಾವಿಯೊ ಎರಡೂವರೆ ವರ್ಷಗಳಲ್ಲಿ, 1857ರ ಮಾರ್ಚ್ 9ರಂದು, ಪಾವನ ಮರಣ ಹೊಂದಿದನು. 1954ರಲ್ಲಿ ಸಂತಪದವಿಗೇರಿದ ಆ ಬಾಲಕನನ್ನು ಎಲ್ಲರೂ ಬಲ್ಲರು. ಅಷ್ಟು ಪ್ರಸಿದ್ಧನಲ್ಲದ ಮಿಕೇಲ್ ಮಗೋನೆಯ ಕಥೆ ನಮಗೆ ಇನ್ನಷ್ಟು ಆಪ್ತ. 1857ರ ಒಂದು ಸಂಜೆ ಕಾರ್ಮಾನ್ಯೋಲಾ ರೈಲು ನಿಲ್ದಾಣದಲ್ಲಿ ಪೋಲಿ ಹುಡುಗರ ದಂಡಿಗೆ ನಾಯಕನಾಗಿ ಮೆರೆಯುತ್ತಿದ್ದ ಈ ತಂದೆಯಿಲ್ಲದ ಬಾಲಕನನ್ನು ಡಾನ್ ಬೋಸ್ಕೋ ಕಂಡರು. ಮಾತನಾಡಿಸಿ ಶಾಲೆಗೆ ಸೇರಿಸಿಕೊಂಡರು. ಮೊದಲು ಅಂಗಳವನ್ನೇ ಅಲುಗಿಸುವಂತೆ ಆಡಿದ ಹುಡುಗ ಒಂದು ತಿಂಗಳಲ್ಲಿ ಮಂಕಾಗಿ ಮೂಲೆ ಸೇರಿದನು. ಗುರುಗಳು ಗದರಲಿಲ್ಲ, ಅವಸರಪಡಿಸಲೂ ಇಲ್ಲ. ಅವನ ಅಂತಃಕರಣದ ಭಾರವನ್ನು ಅರಿತು ಮೃದುವಾಗಿ ಪಾಪನಿವೇದನೆಗೆ ದಾರಿ ತೋರಿದರು. ಮಗೋನೆ ಮತ್ತೆ ನಕ್ಕನು. 1859ರ ಜನವರಿಯಲ್ಲಿ ಹದಿಮೂರರ ಪ್ರಾಯದಲ್ಲಿ ಶಾಂತನಾಗಿ ಪ್ರಾಣಬಿಟ್ಟನು.

ಅದೇ ವರ್ಷದ ಡಿಸೆಂಬರ್ 18ರಂದು ಹೆಚ್ಚಿನಂಶ ತಮ್ಮ ಹುಡುಗರನ್ನೇ ಕೂಡಿಸಿಕೊಂಡು ಡಾನ್ ಬೋಸ್ಕೋ ಸಂತ ಫ್ರಾನ್ಸಿಸ್ ಸಾಲೆಸರ ಹೆಸರಿನ ಸಲೇಷಿಯನ್ ಸಭೆಯನ್ನು ಸ್ಥಾಪಿಸಿದರು. 1863ರಲ್ಲಿ ಟ್ಯೂರಿನ್ನಿನ ಹೊರಗೆ ಮಿರಾಬೆಲ್ಲೊ ಎಂಬಲ್ಲಿ ಮೊದಲ ಶಾಲೆ ತೆರೆದಾಗ, ಅದರ ಹೊಣೆ ಹೊತ್ತ ಯುವಗುರು ಮಿಕೇಲ್ ರೂವಾ ಅವರಿಗೆ, ಭಯಕ್ಕಿಂತ ಪ್ರೀತಿಯನ್ನು ಗಳಿಸಲು ಯತ್ನಿಸಬೇಕೆಂದು ಬರೆದು ತಿಳಿಸಿದರು. 1877ರಲ್ಲಿ ತಮ್ಮ ಶಿಕ್ಷಣ ಕ್ರಮವನ್ನು ಒಂದು ಕಿರುಬರಹದಲ್ಲಿ ವಿವರಿಸಿದರು. ವಿವೇಕ, ಧರ್ಮ, ವಾತ್ಸಲ್ಯ, ಈ ಮೂರೇ ಅದರ ಆಧಾರ. ತಪ್ಪಾದ ಮೇಲೆ ದಂಡಿಸುವುದಕ್ಕಿಂತ, ಜೊತೆಯಲ್ಲಿದ್ದು ತಪ್ಪಾಗದಂತೆ ಕಾಯುವುದೇ ಅದರ ರೀತಿ. ಬೆತ್ತವೇ ಉಪಾಧ್ಯಾಯನ ಲಾಂಛನವಾಗಿದ್ದ ಯುಗದಲ್ಲಿ ಅವರು ಹೊಡೆತವನ್ನು ನಿಷೇಧಿಸಿದರು.

ಕೊನೆಯ ಎಚ್ಚರಿಕೆ

ಆದರೆ ಸಂಸ್ಥೆ ಬೆಳೆದಂತೆ ಅದರ ಆತ್ಮ ಸೊರಗುವ ಅಪಾಯವೂ ಉಂಟು. 1884ರ ಮೇ ತಿಂಗಳಲ್ಲಿ ರೋಮಿನಲ್ಲಿದ್ದ ವೃದ್ಧ ಡಾನ್ ಬೋಸ್ಕೋ ವಾಲ್ದೊಕ್ಕೊದ ತಮ್ಮ ಮನೆಗೆ ಒಂದು ಪತ್ರ ಬರೆಸಿದರು. ಅದರಲ್ಲಿ ಅವರು ಎರಡು ಅಂಗಳಗಳ ದೃಶ್ಯವನ್ನು ವರ್ಣಿಸಿದರು. ಹಿಂದಿನ ಅಂಗಳದಲ್ಲಿ ಗುರುಗಳೂ ಹುಡುಗರೂ ಬೆರೆತು ನಲಿಯುತ್ತಿದ್ದರು. ಈಗಿನ ಅಂಗಳದಲ್ಲಿ ಹುಡುಗರು ಬೇಸರದಿಂದ ಕಂಬಕ್ಕೆ ಒರಗಿ ನಿಂತಿದ್ದರು. ಉಪಾಧ್ಯಾಯರು ದೂರದಲ್ಲಿ ತಮ್ಮತಮ್ಮಲ್ಲಿಯೇ ಹರಟುತ್ತಿದ್ದರು. ಅವರಲ್ಲಿ ಕರ್ತವ್ಯನಿಷ್ಠೆಗೆ ಕೊರತೆಯಿರಲಿಲ್ಲ, ಪ್ರೀತಿಗೂ ಕೊರತೆಯಿರಲಿಲ್ಲ. ಆದರೆ ಆ ಪ್ರೀತಿ ಹುಡುಗರಿಗೆ ಕಾಣುತ್ತಿರಲಿಲ್ಲ. ಪ್ರೀತಿಸಿದರೆ ಸಾಲದು, ತಾವು ಪ್ರೀತಿಸಲ್ಪಡುತ್ತಿದ್ದೇವೆಂದು ಮಕ್ಕಳಿಗೆ ತಿಳಿಯಬೇಕು ಎಂಬುದೇ ಆ ಪತ್ರದ ತಿರುಳು. ನಾಲ್ಕು ದಶಕ ಬೆವರು ಸುರಿಸಿ ಕಟ್ಟಿದ ತಮ್ಮ ಸ್ವಂತ ಮನೆಯನ್ನೇ ಹೀಗೆ ಪರೀಕ್ಷೆಗೆ ಒಡ್ಡಿದ ಧೈರ್ಯ ಅವರದು.

1888ರ ಜನವರಿ 31ರ ಮುಂಜಾನೆ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಅವರು ದೈವಾಧೀನರಾದರು. 1934ರ ಏಪ್ರಿಲ್ 1, ಪುನರುತ್ಥಾನದ ಭಾನುವಾರದಂದು, ಹನ್ನೊಂದನೆಯ ಪಯಸ್ ಜಗದ್ಗುರುಗಳು ಅವರನ್ನು ಸಂತರೆಂದು ಸಾರಿದರು. ಅವರ ಮಕ್ಕಳು 1906ರಲ್ಲಿ ತಂಜಾವೂರಿಗೆ ಬಂದು ಭಾರತದಲ್ಲಿ ನೆಲೆಯೂರಿದರು. ಇಂದು ಆ ಸಭೆ ನೂರಮೂವತ್ತಕ್ಕೂ ಹೆಚ್ಚು ದೇಶಗಳಲ್ಲಿ ಹರಡಿದೆ.

ಪ್ರಿಯ ಭಕ್ತಾದಿಗಳೇ, ಶತಮಾನೋತ್ಸವದ ದೀಪಗಳು ಕೆಲವು ದಿನಗಳಲ್ಲಿ ಆರುತ್ತವೆ; ಶಾಲೆಯ ಗಂಟೆ ಮಾತ್ರ ನಾಳೆಯೂ ಬಾರಿಸುತ್ತದೆ. ನಾವು ನಮ್ಮ ಶಾಲೆಗಳನ್ನು ಪರೀಕ್ಷಾ ಫಲಿತಾಂಶದಿಂದಲೂ ಕಟ್ಟಡದ ಎತ್ತರದಿಂದಲೂ ಅಳೆಯುತ್ತೇವೆ. ಡಾನ್ ಬೋಸ್ಕೋ ಅಂಗಳವನ್ನು ನೋಡಿ ಅಳೆದರು. ಕಂಬಕ್ಕೆ ಒರಗಿ ಒಂಟಿಯಾಗಿ ನಿಂತ ಹುಡುಗನ ಬಳಿಗೆ ಗುರುಗಳೋ, ಉಪಾಧ್ಯಾಯರೋ, ತಂದೆತಾಯಿಗಳೋ ನಡೆದು ಹೋಗಿ, ಅವನ ಹೆಸರು ಹಿಡಿದು ಮಾತನಾಡಿಸುವ ಕೃಪೆಯನ್ನು ಈ ಸಂತರ ಬಿನ್ನಹದ ಮೂಲಕ ದೇವರು ನಮ್ಮೆಲ್ಲರಿಗೂ ಅನುಗ್ರಹಿಸಲಿ.